ಬಕೆಟ್ ಯಾರು ಹೊರಬೇಕು?

ಮೀನಿನ ಟ್ಯಾಂಕ್ ಇರುವ ಮನೆಗೆ ಹೋದವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ಇವಕ್ಕೆ ಊಟ ಏನು ಹಾಕ್ತೀರಿ?’ ನಾಯಿ ಇದ್ದ ಮನೆಯಲ್ಲಿ ಕಚ್ಚುತ್ತದೆಯೇ ಎಂದು ಕೇಳುತ್ತಾರೆ, ಹಸು ಇದ್ದ ಮನೆಯಲ್ಲಿ ಎಷ್ಟು ಲೀಟರ್ ಕೊಡುತ್ತದೆ ಎಂದು. ಮೀನು ಕಚ್ಚುವುದೂ ಇಲ್ಲ, ಹಾಲು ಕೊಡುವುದೂ ಇಲ್ಲ. ಹಾಗಾಗಿ ಉಳಿಯುವುದು ಊಟದ ವಿಚಾರ ಮಾತ್ರ. ಪ್ರಶ್ನೆಯ ಹಿಂದೆಯೇ ಡಬ್ಬಿ ಕೈಗೆ ಬರುತ್ತದೆ. ಒಂದು ಚಿಟಿಕೆ ಕೆಂಪು ಕಾಳು ನೀರಿನ ಮೇಲೆ ಬೀಳುತ್ತದೆ, ಮೀನುಗಳು ಮೂತಿ ಮೇಲೆತ್ತಿ ಓಡಿಬರುತ್ತವೆ, ನೆಂಟರ ಮುಖ ಅರಳುತ್ತದೆ. ‘ಪಾಪ, ಎಷ್ಟು ಹಸಿದಿದ್ದವೋ!’ ಎನ್ನುತ್ತಾ ಇನ್ನೊಂದು ಚಿಟಿಕೆ. ಮೀನಿಗೆ ಹೊಟ್ಟೆ ತುಂಬಿತು ಎಂದು ಹೇಳುವ ಅಭ್ಯಾಸವಿಲ್ಲ. ನೆಂಟರಿಗೆ ಸಾಕು ಎನ್ನುವ ಅಭ್ಯಾಸವಿಲ್ಲ. ‘ಇವಕ್ಕೆ ನೀರು ಹೇಗಿದೆ?’ ಎಂದು ಕೇಳಿದ ನೆಂಟರನ್ನು ನಾನು ಈವರೆಗೆ ಕಂಡಿಲ್ಲ.

ಊಟದ ಕಡೆಗಿನ ಈ ಒಲವು ಇಂದು ನಿನ್ನೆಯದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳಲ್ಲಿ ಎಷ್ಟು ಬಗೆ, ಯಾವುದಕ್ಕೆ ಯಾವ ಆಹಾರ ಹಾಕಬೇಕು, ಗಾಳ ಹೇಗೆ ಎಸೆಯಬೇಕು ಎಂದು ಅಲ್ಲಿ ವಿವರವಾಗಿ ಹೇಳಿದೆ. ರಾಜ್ಯವಾಳುವವನೇ ಮೀನಿಗೆ ಉಂಡೆ ಕಟ್ಟುವ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಮೇಲೆ ನಮ್ಮ ನೆಂಟರನ್ನು ದೂರಿ ಫಲವಿಲ್ಲ.

ನಮ್ಮ ಭಾವನ ಮನೆಗೆ ಮೀನು ಬಂದದ್ದು ವಾಸ್ತುವಿನ ಮೂಲಕ. ಈಶಾನ್ಯ ಮೂಲೆಯಲ್ಲಿ ನೀರಿರಬೇಕು, ನೀರಿನಲ್ಲಿ ಚಲನೆ ಇರಬೇಕು, ಎಂಟು ಬಂಗಾರದ ಬಣ್ಣದ ಮೀನು ಮತ್ತು ಒಂದು ಕಪ್ಪು ಮೀನು ಇದ್ದರೆ ಲಕ್ಷ್ಮಿ ಹೊಸಿಲು ದಾಟಿ ಹೋಗುವುದಿಲ್ಲ ಎಂದು ಯಾರೋ ಹೇಳಿದರು. ಬೆಂಗಳೂರಿನ ಅವರ ಫ್ಲ್ಯಾಟಿನ ಈಶಾನ್ಯದಲ್ಲಿ ಅಕ್ಕನ ವಾಷಿಂಗ್ ಮೆಷಿನ್ ಇತ್ತು. ಅದರಲ್ಲೂ ನೀರಿತ್ತು, ಚಲನೆಯೂ ಇತ್ತು. ಆದರೆ ಅದು ಲೆಕ್ಕಕ್ಕೆ ಬರಲಿಲ್ಲ. ಮೆಷಿನ್ ಬಾಲ್ಕನಿಗೆ ಹೋಯಿತು, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕ್ ಆ ಜಾಗಕ್ಕೆ ಬಂತು. ಅಂಚಿನವರೆಗೆ ತುಂಬಿದರೂ 56 ಲೀಟರ್ ಹಿಡಿಯುವ ಟ್ಯಾಂಕ್ ಅದು. ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಒಂದು ಕಪ್ಪೆಚಿಪ್ಪು ಎಲ್ಲ ಸೇರಿದ ಮೇಲೆ ನೀರಿಗೆ ಉಳಿದದ್ದು ಇನ್ನೂ ಕಡಿಮೆ. ಅದರೊಳಗೆ ಒಂಬತ್ತು ಗೋಲ್ಡ್ ಫಿಶ್.

ಮೊದಲನೆಯದು ಸತ್ತಾಗ ಭಾವನಿಗೆ ದುಃಖವಾಗಲಿಲ್ಲ, ಸಮಾಧಾನವಾಯಿತು. ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತನ್ನ ಮೇಲೆ ಹಾಕಿಕೊಂಡು ಹೋಗುತ್ತದೆ ಎಂಬುದು ಆ ವಾಸ್ತುವಿನಲ್ಲೇ ಇತ್ತು. ಮರುದಿನ ಇನ್ನೊಂದು ಹೋಯಿತು. ಆ ವಾರದ ಕೊನೆಗೆ ಮತ್ತೆರಡು. ಭಾವನ ಸಂಸಾರಕ್ಕೆ ಇಷ್ಟೊಂದು ಕಂಟಕಗಳು ಸಾಲುಗಟ್ಟಿ ನಿಂತಿದ್ದವೇ ಎಂದು ನಮಗೆಲ್ಲ ಗಾಬರಿಯೇ ಆಯಿತು. ಉಳಿದವು ಬದುಕಿದವು ನಿಜ, ಆದರೆ ಬೆಳೆಯಲಿಲ್ಲ. ಹಬ್ಬಗಳು ಬಂದು ಹೋದವು, ಮೀನುಗಳು ಮಾತ್ರ ತಂದ ದಿನದ ಹೆಬ್ಬೆರಳಿನಷ್ಟೇ ಉದ್ದ ಇದ್ದವು.

‘ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೀತಾವೆ ಕಣೋ. ಅವಕ್ಕೆಲ್ಲ ಗೊತ್ತಿರುತ್ತೆ’ ಎಂದರು ಭಾವ. ಈ ಮಾತು ಅವರೊಬ್ಬರದಲ್ಲ. ಮೀನು ಮಾರುವವರಿಂದ ಕೊಳ್ಳುವವರವರೆಗೆ ಎಲ್ಲರೂ ಹೇಳುವಂಥದ್ದು. ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದುಕೊಂಡೇ ಭಾವ ಬೆಳೆದಿರುವ ರೀತಿಯನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಆದರೆ ಅಕ್ಕನ ಗಂಡನಿಗೆ ಇದನ್ನು ಎದುರಿಗೆ ಹೇಳುವಂತಿಲ್ಲ.

ನಿಜವೇನೆಂದರೆ ಮೀನಿಗೆ ಟ್ಯಾಂಕಿನ ಗೋಡೆ ಅಳೆಯುವ ಉದ್ಯೋಗವಿಲ್ಲ. ನಮ್ಮ ಹಾಗೆ ಇಪ್ಪತ್ತು ವರ್ಷಕ್ಕೆ ಎತ್ತರ ನಿಲ್ಲಿಸುವ ಪದ್ಧತಿಯೂ ಅವಕ್ಕಿಲ್ಲ. ಬಹುಪಾಲು ಮೀನುಗಳು ಬದುಕಿರುವಷ್ಟು ಕಾಲ, ನಿಧಾನವಾಗಿಯಾದರೂ, ಬೆಳೆಯುತ್ತಲೇ ಇರುತ್ತವೆ. ಅವುಗಳ ಹುರುಪೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಬಳೆ ಬಳೆಯಾಗಿ ಗೆರೆಗಳು ಕಾಣುತ್ತವೆ. ಚೆನ್ನಾಗಿ ಬೆಳೆದ ಕಾಲದಲ್ಲಿ ಗೆರೆಗಳ ನಡುವೆ ಅಂತರ ಹೆಚ್ಚು, ಕಷ್ಟಕಾಲದಲ್ಲಿ ಒತ್ತೊತ್ತು. ಗೋಲ್ಡ್ ಫಿಶ್ ಎಂಬ ಈ ಪ್ರಾಣಿಯನ್ನು ಚೀನಾದವರು ಸಾವಿರ ವರ್ಷಗಳಿಂದ ಸಾಕುತ್ತಿದ್ದಾರೆ. ಒಳ್ಳೆಯ ಕೊಳದಲ್ಲಿ ಅದು ಒಂದಡಿ ಉದ್ದ ಬೆಳೆಯಬಲ್ಲದು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಗೋಲ್ಡ್ ಫಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು. ನಮ್ಮ ಮನೆಗಳಲ್ಲಿ ಎರಡನೆಯ ಯುಗಾದಿ ನೋಡಿದ ಗೋಲ್ಡ್ ಫಿಶ್ಶೇ ಹಿರಿಯ ನಾಗರಿಕ.

ಹಾಗಾದರೆ ಚಿಕ್ಕ ಟ್ಯಾಂಕಿನಲ್ಲಿ ಬೆಳವಣಿಗೆ ನಿಲ್ಲುವುದೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಶಿವಾಜಿನಗರದ ಕಡೆಯ ಒಂದು ಅಂಗಡಿಯಲ್ಲಿ. ಭಾವ ಹತ್ತನೆಯ ಮೀನು ಕೊಳ್ಳಲು ಹೋಗಿದ್ದರು, ನಾನು ಜೊತೆಗಿದ್ದೆ. ಕೌಂಟರಿನ ಹುಡುಗ ಮೀನು ಹಿಡಿಯುವ ಬಲೆಯನ್ನು ಕೆಳಗಿಟ್ಟು, ‘ಸಾರ್, ಮೊದಲು ಒಂದು ಬಾಟಲಿ ನೀರು ತನ್ನಿ, ಆಮೇಲೆ ಮೀನು ಕೊಡ್ತೀನಿ’ ಎಂದ. ವ್ಯಾಪಾರ ಬೇಡವೆನ್ನುವ ಅಂಗಡಿಯವನನ್ನು ಕಂಡರೆ ಯಾರಿಗಾದರೂ ಗೌರವ ಬರುತ್ತದೆ. ಮತ್ತೊಂದು ದಿನ ಹಳೆಯ ಸೋಡಾ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋದೆವು. ಅವನು ಬೆರಳುದ್ದದ ಗಾಜಿನ ಕೊಳವೆಯಲ್ಲಿ ಗೆರೆಯವರೆಗೆ ನೀರು ಹಾಕಿ, ಎರಡು ಪುಟ್ಟ ಸೀಸೆಗಳಿಂದ ಹನಿ ಎಣಿಸಿ ಬಿಟ್ಟು, ಮುಚ್ಚಳ ಹಾಕಿ ಅಲ್ಲಾಡಿಸಿ ಕೌಂಟರಿನ ಮೇಲೆ ನಿಲ್ಲಿಸಿದ. ಮೊದಲು ನಿಂಬೆಹಳದಿ ಇದ್ದ ನೀರು ನಾವು ನೋಡುತ್ತಿದ್ದಂತೆ ತಿಳಿಹಸಿರಾಯಿತು, ಆಮೇಲೆ ಕಡುಹಸಿರಾಯಿತು. ಹಳದಿ ಇದ್ದರೆ ಅಮೋನಿಯಾ ಇಲ್ಲ, ಹಸಿರು ಏರಿದಷ್ಟೂ ಅಮೋನಿಯಾ ಹೆಚ್ಚು. ಬಣ್ಣದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ ಹುಡುಗ ತೀರ್ಪು ಕೊಟ್ಟ: ‘ಇದು ನೀರಲ್ಲ ಸಾರ್, ಗೊಬ್ಬರ.’

ಮೀನು ತಿಂದ ಕಾಳಿನ ಪ್ರೋಟೀನು ಮೈಗೆ ಹಿಡಿದಷ್ಟು ಹಿಡಿದು, ಉಳಿದದ್ದು ಅಮೋನಿಯಾ ಆಗಿ ಹೊರಬರುತ್ತದೆ. ಅದರ ಹೆಚ್ಚಿನ ಪಾಲು ಹೊರಬೀಳುವುದು ಕಿವಿರಿನ ಮೂಲಕವೇ, ಉಸಿರಾಡುವ ಜಾಗದಿಂದಲೇ. ತಿನ್ನದೆ ಕಲ್ಲಿನ ಸಂದಿಗೆ ಬಿದ್ದ ಕಾಳು ಕೊಳೆತು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಈ ಅಮೋನಿಯಾ ಎಷ್ಟು ವಿಷ ಎಂಬುದು, ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಅದರ ವಿಷರೂಪ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. 8 ಆದರೆ ಸುಮಾರು 5 ಪಾಲು. 9 ಮುಟ್ಟಿದರೆ ಮೂರರಲ್ಲಿ ಒಂದು ಪಾಲಿಗೂ ಮಿಗಿಲು. ಅಂದರೆ ಒಂದೇ ಊಟ, ಒಂದೇ ಮೀನು, ಒಂದೇ ಪ್ರೀತಿ. ಒಂದು ಊರಿನ ನೀರಿನಲ್ಲಿ ಬದುಕಿಸಿದ್ದು ಇನ್ನೊಂದು ಊರಿನ ನೀರಿನಲ್ಲಿ ಕೊಲ್ಲುತ್ತದೆ. ಸಾಯದೆ ಉಳಿದ ಮೀನು ಸುಖವಾಗಿದೆ ಎಂದು ತಿಳಿಯಬಾರದು. ಕಿವಿರು ಉರಿಯುತ್ತಿರುವಾಗ ಹಸಿವು ಕಡಿಮೆ, ತಿಂದದ್ದು ಬದುಕಿ ಉಳಿಯುವುದಕ್ಕೇ ಖರ್ಚು. ಉದ್ದ ಅಗಲಕ್ಕೆ ಏನೂ ಉಳಿಯುವುದಿಲ್ಲ. ಚಿಕ್ಕ ಟ್ಯಾಂಕ್ ಮೀನನ್ನು ಕುಳ್ಳಾಗಿಸುವುದು ಅಳತೆಯಿಂದಲ್ಲ, ಅದರ ನೀರು ಬೇಗ ಕೆಡುತ್ತದೆ ಎಂಬ ಕಾರಣದಿಂದ.

ಪರಿಹಾರ ಟ್ಯಾಂಕಿನೊಳಗೇ ಇದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೈಯಲ್ಲಿ ಮನೆ ಮಾಡುವ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ. ಮೂರನೆಯದು ಮಿತಿಯಲ್ಲಿದ್ದರೆ ಮೀನು ಸಹಿಸುತ್ತದೆ. ಈ ಬ್ಯಾಕ್ಟೀರಿಯಾ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರದಲ್ಲೇ ಒಂಬತ್ತು ಮೀನು ಬಿಟ್ಟರೆ ಆಗುವುದು ಭಾವನ ಮನೆಯಲ್ಲಿ ಆದದ್ದೇ. ಈಶಾನ್ಯಕ್ಕೂ ನೈರುತ್ಯಕ್ಕೂ ಅದರಲ್ಲಿ ಕೈವಾಡವಿಲ್ಲ. ಬೇಗ ಆಗಬೇಕೆಂದರೆ ಹಳೆಯ ಟ್ಯಾಂಕಿನ ಸ್ಪಂಜಿನ ಒಂದು ತುಂಡು ತಂದು ಹೊಸದರಲ್ಲಿ ಇಡುತ್ತಾರೆ. ಅಕ್ಕನಿಗೆ ಇದು ಹೇಳಿದ ತಕ್ಷಣ ಅರ್ಥವಾಯಿತು. ‘ಹೆಪ್ಪು ಹಾಕೋದು ಅನ್ನು’ ಎಂದಳು. ಹೆಪ್ಪಿಲ್ಲದೆ ಹಾಲು ಕಾಯಿಸಿ ಮೊಸರಿಗೆ ಕಾದವರು ನಾವು ಎಂದು ಆ ದಿನ ಇಡೀ ಮನೆಗೆ ಗೊತ್ತಾಯಿತು. ಆದರೂ ಭಾನುವಾರ ಬಂದ ಕೂಡಲೇ ಆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಉಜ್ಜಬೇಕೆಂದು ಕೈ ತುರಿಸುವುದು ಮಾತ್ರ ನಿಲ್ಲುವುದಿಲ್ಲ. ಉಜ್ಜಿದರೆ ಹೆಪ್ಪೂ ತೊಳೆದುಹೋಗುತ್ತದೆ. ಶುಚಿತ್ವದಲ್ಲಿ ಹೆಸರು ಮಾಡಿದ ಮನೆಗಳಲ್ಲಿ ಮೀನು ಬೇಗ ಸಾಯುವುದು ಇದೇ ಕಾರಣಕ್ಕೆ.

ನಲ್ಲಿಯ ನೀರಿನದೇ ಇನ್ನೊಂದು ಕಥೆ. ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದುಬರುವವಳಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪುಗಳು ಅವಳನ್ನು ಹತ್ತಿಸುತ್ತವೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ. ಇಷ್ಟು ದೂರ ಬರುವಷ್ಟರಲ್ಲಿ ರೋಗಾಣು ಸೇರದಿರಲೆಂದು ಕ್ಲೋರಿನ್ ಹಾಕುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ನಲ್ಲಿಯವರೆಗೆ ಬಂದ ಮೇಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮನ್ನು ಕಾಯುವ ಅದೇ 0.2 ಮೀನಿನ ಕಿವಿರು ಸುಡಲು ಸಾಕು. ಹಾಗಾಗಿ ನೀರನ್ನು ಒಂದು ದಿನ ತೆರೆದ ಬಕೆಟ್ಟಿನಲ್ಲಿ ನಿಲ್ಲಿಸಬೇಕು, ಇಲ್ಲವೇ ಅಂಗಡಿಯಲ್ಲಿ ‘ಆಂಟಿ ಕ್ಲೋರಿನ್’ ಎಂದು ಕೊಡುವ ಹನಿಗಳನ್ನು ಹಾಕಬೇಕು. ಅದರಲ್ಲಿರುವುದು ಸಾಮಾನ್ಯವಾಗಿ ಸೋಡಿಯಂ ಥಿಯೋಸಲ್ಫೇಟ್. ಹಿಂದೆ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ‘ಹೈಪೋ’ ಎಂದು ಕರೆಯುತ್ತಿದ್ದರಲ್ಲ, ಅದೇ. ಫಿಲಂ ಹೋಯಿತು, ಹೈಪೋ ಮೀನಿನಂಗಡಿಯಲ್ಲಿ ಹೊಸ ನೌಕರಿ ಹಿಡಿಯಿತು.

ಕಾವೇರಿ ಬಾರದ ದಿನ ಬೋರ್‌ವೆಲ್ಲು, ಬೋರ್‌ವೆಲ್ಲು ಕೈಕೊಟ್ಟ ದಿನ ಟ್ಯಾಂಕರು. ಮನುಷ್ಯರು ಮೂರಕ್ಕೂ ‘ನೀರು’ ಎಂಬ ಒಂದೇ ಹೆಸರಿಟ್ಟು ಸ್ನಾನ ಮಾಡುತ್ತಾರೆ. ಮೀನು ಹಾಗೆ ಮಾಡಲಾರದು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರನ್ನು ಕಾವೇರಿಯಲ್ಲಿ ಅದ್ದಿದರೆ ಒಂದು ಸಂಖ್ಯೆ, ಬೋರಿನಲ್ಲಿ ಅದ್ದಿದರೆ ಅದರ ನಾಲ್ಕೈದು ಪಟ್ಟು. ಸಿಹಿನೀರಿನ ಮೀನು ನಾವು ಅಂದುಕೊಂಡಂತೆ ನೀರು ಗಟಗಟ ಕುಡಿಯುವುದಿಲ್ಲ. ಅದರ ರಕ್ತದಲ್ಲಿ ಉಪ್ಪು ಹೆಚ್ಚು, ಸುತ್ತಲ ನೀರಿನಲ್ಲಿ ಕಡಿಮೆ. ಆದ್ದರಿಂದ ನೀರು ಕಿವಿರಿನ ಮೂಲಕ ಕರೆಯದೆಯೇ ಒಳಗೆ ನುಗ್ಗುತ್ತದೆ. ಒಳಬಂದದ್ದನ್ನು ಅದು ಹಗಲೂ ರಾತ್ರಿ ಮೂತ್ರವಾಗಿ ಹೊರಹಾಕುತ್ತಿರಬೇಕು, ಹೊರಟುಹೋಗುವ ಲವಣವನ್ನು ನೀರಿನಿಂದಲೇ ಹೆಕ್ಕಿಕೊಳ್ಳಬೇಕು. ಸೋಮವಾರ ಮೆದು ನೀರು, ಗುರುವಾರ ಗಡಸು ನೀರು ಎಂದಾದರೆ ಈ ಲೆಕ್ಕವನ್ನೆಲ್ಲ ಹೊಸದಾಗಿ ಬರೆಯಬೇಕು. ಬೆಳೆಯಲು ಅದಕ್ಕೆ ಪುರಸೊತ್ತೆಲ್ಲಿ? ‘ಹಾಗಾದರೆ ಆರ್‌ಒ ನೀರೇ ಹಾಕ್ತೀನಿ’ ಎಂದು ಭಾವ ಉದಾರರಾದರು. ಅದೂ ಆಗದು. ಮೂಳೆಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಮೀನು ನೀರಿನಿಂದಲೂ ಪಡೆಯುತ್ತದೆ. ಎಲ್ಲವನ್ನೂ ಸೋಸಿ ತೆಗೆದ ನೀರಿನಲ್ಲಿ ಹೆಕ್ಕಿಕೊಳ್ಳಲು ಏನೂ ಇರುವುದಿಲ್ಲ.

ಜಾಣರು ಮೀನಿಗೆ ತಕ್ಕ ನೀರು ಹುಡುಕುವುದಿಲ್ಲ, ನೀರಿಗೆ ತಕ್ಕ ಮೀನು ತರುತ್ತಾರೆ. ತೊಗರಿಬೇಳೆ ಬೇಯದ, ಸೋಪಿಗೆ ನೊರೆ ಬಾರದ ಬೋರ್‌ವೆಲ್ ನೀರನ್ನು ಶಪಿಸುವ ಮನೆಯಲ್ಲಿ ಮಾಲಿ, ಪ್ಲಾಟಿ, ಗಪ್ಪಿಗಳು ಮರಿಯ ಮೇಲೆ ಮರಿ ಹಾಕುತ್ತವೆ. ಆಫ್ರಿಕಾದ ಮಲಾವಿ, ಟಾಂಗನಿಕಾ ಸರೋವರಗಳ ನೀಲಿ ಹಳದಿ ಸಿಕ್ಲಿಡ್‌ಗಳಿಗಂತೂ ಗಡಸು ನೀರೇ ತವರು. ಟಾಂಗನಿಕಾದ ಪಿಎಚ್ 9ರ ಹತ್ತಿರ ಇರುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ಬಾವಿಯ ನೀರು ಇದಕ್ಕೆ ತದ್ವಿರುದ್ಧ: ಮೆದು, ತುಸು ಆಮ್ಲೀಯ. ಉಡುಪಿ ಕಡೆಯ ಸಂಬಂಧಿಕರೊಬ್ಬರ ಚಾವಡಿಯ ಟ್ಯಾಂಕಿನಲ್ಲಿ ನಿಯಾನ್ ಟೆಟ್ರಾಗಳು ನೀಲಿ ಗೆರೆ ಮಿಂಚಿಸುತ್ತಾ ಓಡಾಡುವುದನ್ನು ನೋಡಿ ಅವರ ಗುಟ್ಟು ಕೇಳಿದೆ. ‘ಗುಟ್ಟು ಎಂತದ್ದು? ಬಾವಿಯಿಂದ ಸೇದಿ ಹಾಕುದು, ಅಷ್ಟೇ’ ಎಂದರು. ಅಮೆಜಾನಿನ ಕಾಡುತೊರೆಗಳಲ್ಲಿ ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ಮೆದುನೀರು ಆ ಮೀನಿನ ಹುಟ್ಟೂರು. ಬೆಂಗಳೂರಿನ ಹವ್ಯಾಸಿಗಳು ಅದಕ್ಕಾಗಿ ಒಣಗಿದ ಕಾಡುಬಾದಾಮಿ ಎಲೆಯನ್ನು ದುಡ್ಡು ಕೊಟ್ಟು ತರಿಸಿ ನೀರಿಗೆ ಹಾಕುತ್ತಾರೆ. ಉಡುಪಿ ಕಡೆಯ ಆ ಸಂಬಂಧಿಕರ ಅಂಗಳದಲ್ಲಿ ಅದೇ ಎಲೆಯನ್ನು ದಿನಾ ಬೆಳಿಗ್ಗೆ ಗುಡಿಸಿ ಒಲೆಗೆ ಹಾಕುತ್ತಿದ್ದರು.

ಹವೆಯ ವಿಚಾರದಲ್ಲಿ ಮಾತ್ರ ಬೆಂಗಳೂರು ಗೋಲ್ಡ್ ಫಿಶ್‌ಗೆ ಒಗ್ಗಿದ ಊರು. ಅದು ತಂಪುನೀರಿನ ಮೀನು. ಡಿಸ್ಕಸ್‌ನಂಥ ಮೀನಿಗೆ 28ರಿಂದ 30 ಡಿಗ್ರಿ ಬೇಕು. ಡಿಸೆಂಬರಿನ ರಾತ್ರಿ ಹೀಟರ್ ಇಲ್ಲದಿದ್ದರೆ ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗ ಹೆಚ್ಚಾಗಿ ಬರುವುದು ಅಂಥವಕ್ಕೇ. ಬೇಸಿಗೆಯ ತೊಂದರೆ ಬೇರೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯದು ಹಿಡಿಯುವುದು ಏಳೂವರೆ. ಅತ್ತ ಬಿಸಿ ಏರಿದಂತೆ ಮೀನಿನ ಮೈಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ಏಪ್ರಿಲ್ಲಿನ ಮಧ್ಯಾಹ್ನ ಕರೆಂಟ್ ಹೋಗಿ ಗುಳ್ಳೆ ನಿಂತಾಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತವಲ್ಲ, ಅದನ್ನು ನೋಡಿ ನಮ್ಮವರು ತಕ್ಷಣ ಮಾಡುವ ಕೆಲಸ: ‘ಅಯ್ಯೋ, ಹಸಿವಾಗಿದೆ’ ಎಂದು ಇನ್ನೊಂದು ಚಿಟಿಕೆ ಕಾಳು.

ಮೀನು, ಗಿಡ, ನೀರು ಮೂರನ್ನೂ ಸರಿದೂಗಿಸಬಹುದೆಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವರದಿ ಮಾಡಿದ. ಅವನು ಇಟ್ಟುಕೊಂಡದ್ದು ಎರಡೇ ಎರಡು ಗೋಲ್ಡ್ ಫಿಶ್, ಜೊತೆಗೆ ಒಂದು ಜಲಸಸ್ಯ. ಎಲೆ ಕೊಳೆತು ನೀರು ಕೆಡತೊಡಗಿದಾಗ ಅದನ್ನು ತಿನ್ನಲು ಬಸವನಹುಳು ಬಿಟ್ಟ. ರಸಾಯನಶಾಸ್ತ್ರ ಬಲ್ಲವನಿಗೆ ಎರಡು ಮೀನು ಸಾಕಾದವು; ನಮಗೆ ಒಂಬತ್ತು ಬೇಕು.

ಎಲ್ಲರೂ ಊಟ ಹಾಕಿಯೂ ಮೀನು ಮೊಳಕೈ ಉದ್ದ ಬೆಳೆಯುವ ಜಾಗ ಇಲ್ಲವೆಂದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿದರೆ ಕಪ್ಪು ಬೆನ್ನಿನ ದೊಡ್ಡ ಮೀನುಗಳು ಒಂದರ ಮೇಲೊಂದು ಬೀಳುತ್ತವೆ. ಬಸ್ಸುಬಸ್ಸು ಜನ ದಿನವಿಡೀ ಎರಚಿದರೂ ಅವಕ್ಕೆ ಕಂಟಕವಿಲ್ಲ. ಅಲ್ಲಿ ಬಕೆಟ್ ಹೊರುವ ಕೆಲಸ ತುಂಗೆಯದು. ನಿನ್ನೆಯ ಹೊಲಸನ್ನು ಹೊತ್ತುಕೊಂಡು ಹೋಗಿ ಹೊಸ ನೀರು ತಂದಿಡುವ ಚಾಕರಿಯನ್ನು ಅವಳು ಯಾರಿಗೂ ಹೇಳದೆ ಮಾಡುತ್ತಿರುತ್ತಾಳೆ. ಮಂಡಕ್ಕಿಯ ಪುಣ್ಯ ಮಾತ್ರ ನಮ್ಮ ಖಾತೆಗೆ.

ಫ್ಲ್ಯಾಟಿನಲ್ಲಿ ತುಂಗೆಯ ಕೆಲಸವನ್ನು ಯಾರಾದರೊಬ್ಬರು ಮಾಡಬೇಕು. ವಾರಕ್ಕೊಮ್ಮೆ ಟ್ಯಾಂಕಿನ ಕಾಲು ಭಾಗ ನೀರು ತೆಗೆದು ಅಷ್ಟೇ ಹೊಸ ನೀರು ತುಂಬಬೇಕು, ಪೂರ್ತಿ ಬದಲಿಸಬಾರದು. ಮರಿಗಳನ್ನು ಬೆಳೆಸಿ ಮಾರುವವರು ದಿನವೂ ಬದಲಿಸುತ್ತಾರೆ, ಅವರ ಮೀನು ದಪ್ಪಗಾಗುವ ಮರ್ಮ ಅದೇ. ಈ ಕೆಲಸಕ್ಕೆ ಪೈಪಿನ ಒಂದು ತುದಿಯನ್ನು ನೀರಿನಲ್ಲಿಟ್ಟು, ಇನ್ನೊಂದನ್ನು ಬಾಯಿಯಿಂದ ಎಳೆದು, ನೀರು ತುಟಿ ತಲುಪುವ ಕ್ಷಣಕ್ಕೆ ಸರಿಯಾಗಿ ಬಕೆಟ್ಟಿಗೆ ಬಿಡಬೇಕು. ಭಾವನ ಕ್ಷಣಗಣನೆ ಮೊದಲಿನಿಂದಲೂ ತುಸು ಹಿಂದೆ. ಹುಡುಗನ ಬಣ್ಣದ ಪರೀಕ್ಷೆಯಿಂದ ತಿಳಿಯದ ಕೆಲವು ವಿಷಯಗಳು ಅವರಿಗೆ ಆಗ ತಿಳಿದವು. ಊಟ ಹಾಕಲು ಮನೆಯವರೆಲ್ಲ ತುದಿಗಾಲಲ್ಲಿ ನಿಲ್ಲುತ್ತಿದ್ದರು. ಬಕೆಟ್ ಎಂದ ಕೂಡಲೇ ಮಗನಿಗೆ ಪರೀಕ್ಷೆ, ಮಗಳಿಗೆ ಆನ್‌ಲೈನ್ ಮೀಟಿಂಗ್, ಭಾವನಿಗೆ ಸೊಂಟನೋವು. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಗಾಡಿ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೊರಡಿಸಿದ ಆದೇಶ ಭಾವನಿಗೆ ವರವಾಗಿ ಬಂತು. ಅದರಲ್ಲಿ ಮೀನಿನ ಮಾತೇ ಇಲ್ಲವೆಂದು ಎಷ್ಟು ಹೇಳಿದರೂ ‘ಕಾನೂನು ಅಂದ ಮೇಲೆ ಎಲ್ಲರಿಗೂ ಒಂದೇ’ ಎಂದು ಆ ಬೇಸಿಗೆಯಿಡೀ ಬಕೆಟ್ ಮುಟ್ಟಲಿಲ್ಲ.

ಮೀನುಗಳ ಗ್ರಹಗತಿ ಬದಲಾದದ್ದು ಬಾಲ್ಕನಿಯಿಂದ. ಅಲ್ಲಿ ಅಕ್ಕನ ಕರಿಬೇವಿನ ಗಿಡವೊಂದು ಪೇಂಟಿನ ಡಬ್ಬಿಯಲ್ಲಿ ಜೀವ ಹಿಡಿದುಕೊಂಡಿತ್ತು. ಹುಳಿ ಮಜ್ಜಿಗೆ ಹೊಯ್ದದ್ದಾಯಿತು, ಅಕ್ಕಿ ತೊಳೆದ ನೀರು ಹೊಯ್ದದ್ದಾಯಿತು. ಗಿಡ ಮೂರು ಕಡ್ಡಿಗಿಂತ ಮೇಲೆ ಹೋಗಲು ಒಪ್ಪಿರಲಿಲ್ಲ. ಒಂದು ಭಾನುವಾರ ಬಚ್ಚಲು ಖಾಲಿ ಇರಲಿಲ್ಲವೆಂದು ಭಾವ ಮೀನಿನ ನೀರನ್ನು ಆ ಡಬ್ಬಿಗೇ ಸುರಿದರು. ನೈಟ್ರೇಟ್ ಮೀನಿಗೆ ಹೊರೆ, ಗಿಡಕ್ಕೆ ಹಬ್ಬ. ಮುಂದಿನ ವಾರಗಳಲ್ಲಿ ಕರಿಬೇವು ತಾಮ್ರದ ಬಣ್ಣದ ಚಿಗುರು ಬಿಟ್ಟಿತು, ಆಮೇಲೆ ಎಲೆ ಅಗಲವಾಯಿತು, ಆಮೇಲೆ ಪಕ್ಕದ ಮನೆಯವರು ಕೇಳಿ ಪಡೆಯುವಷ್ಟಾಯಿತು. ಈಗ ಭಾನುವಾರ ಬೆಳಗಾದರೆ ಅಕ್ಕನ ದನಿ ಕೇಳಿಸುತ್ತದೆ: ‘ರೀ, ನೀರು ತೆಗೀರಿ, ಗಿಡ ಬಾಡ್ತಿದೆ!’ ಸೊಂಟನೋವಿಗೆ ರಿಯಾಯಿತಿಯಿಲ್ಲ. ಟ್ಯಾಂಕಿಗೆ ಉಪ್ಪನ್ನೋ ನೀಲಿ ಔಷಧಿಯನ್ನೋ ಹಾಕಿದ ವಾರ ಮಾತ್ರ ಆ ನೀರು ಬಚ್ಚಲಿಗೆ. ಉಳಿದ ಮೀನುಗಳು ಅಂಗೈ ತುಂಬುವಷ್ಟು ಬೆಳೆದಿವೆ. ಅವಕ್ಕೆ ಈ ಟ್ಯಾಂಕ್ ಸಾಲದು ಎಂದು ಅಂಗಡಿಯ ಹುಡುಗ ಹೇಳುತ್ತಿದ್ದಾನೆ. ಭಾವ ಇದನ್ನು ಈಶಾನ್ಯದ ಮಹಿಮೆ ಎನ್ನುತ್ತಾರೆ, ಅಕ್ಕ ಕರಿಬೇವಿನ ಯೋಗ ಎನ್ನುತ್ತಾಳೆ. ನಾನು ಯಾರನ್ನೂ ತಿದ್ದಲು ಹೋಗಿಲ್ಲ. ಮೀನಿಗಾಗಿ ಬಕೆಟ್ ಹೊರುವವರು ಸಿಗದಿದ್ದರೆ ಒಗ್ಗರಣೆಗಾಗಿ ಹೊರುವವರನ್ನು ಹುಡುಕಿಕೊಂಡರಾಯಿತು; ಮೀನಿಗೆ ಬೇಕಾದದ್ದು ನೀರು, ಹೊರುವವರ ಉದ್ದೇಶವನ್ನು ಅದು ವಿಚಾರಿಸುವುದಿಲ್ಲ.